ಗೋಡೆಯ ಟಿವಿಯಲ್ಲಿ ಒಂದೇ ವೆಬ್‌ಪುಟ ಪೂರ್ಣಪರದೆಯಲ್ಲಿ ಸದಾ ನಿಲ್ಲಬೇಕು: ಹೇಗೆ?

ಪುಸ್ತಕಪಾಲಕಿ:

ನಮ್ಮ ಗ್ರಂಥಾಲಯದ ಬಾಗಿಲಿಗೆ ಎದುರಾಗಿ 43 ಇಂಚಿನ ಟಿವಿಯೊಂದನ್ನು ಗೋಡೆಗೆ ಹಾಕಿಸಿದ್ದೇವೆ. ಓದುವ ಕೋಣೆಯ ವೇಳೆ, ಹೊಸದಾಗಿ ಬಂದ ಪುಸ್ತಕಗಳ ಮುಖಪುಟಗಳು, ವಾರದ ಕಾರ್ಯಕ್ರಮಗಳು, ಮೂಲೆಯಲ್ಲೊಂದು ಗಡಿಯಾರ, ನಡುನಡುವೆ ಒಂದು ಚಿಕ್ಕ ವಿಡಿಯೊ. ಇಷ್ಟನ್ನೂ ಒಂದೇ ವೆಬ್‌ಪುಟದಲ್ಲಿ ನಾನೇ ಜೋಡಿಸಿದ್ದೇನೆ. ಟಿವಿಯ ಬೆನ್ನಿಗೆ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಇದೆ. ಟಿವಿಯ ಯುಎಸ್‌ಬಿ ಕಿಂಡಿಯಿಂದಲೇ ಅದಕ್ಕೆ ವಿದ್ಯುತ್ ಕೊಟ್ಟಿರುವುದರಿಂದ ಒಂದು ಸಾಕೆಟ್ ಉಳಿದಿದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಪುಟ ಚೆನ್ನಾಗಿಯೇ ಕಾಣುತ್ತದೆ. ಗೋಡೆಯ ಮೇಲೆ ಮಾತ್ರ ಅದರ ಅವತಾರವೇ ಬೇರೆ. ನಾಲ್ಕೂ ಅಂಚು ಕತ್ತರಿಸಿಕೊಂಡಿವೆ, ಗಡಿಯಾರದ ಅರ್ಧ ಪರದೆಯ ಆಚೆಗಿದೆ. ಮೌಸ್‌ನ ಬಾಣ ನಟ್ಟನಡುವೆ ನಿಂತಿರುತ್ತದೆ. ಸ್ವಲ್ಪ ಹೊತ್ತಾದರೆ ಪರದೆ ಕಪ್ಪಾಗುತ್ತದೆ. ವಿಡಿಯೊ ತಾನಾಗಿ ಶುರುವಾಗುವುದಿಲ್ಲ. ಕರೆಂಟ್ ಹೋಗಿ ಬಂದರಂತೂ, ಹೊಸ ಪುಸ್ತಕ ನೋಡಲು ಬಂದ ಓದುಗರನ್ನು ‘ಹಿಂದಿನ ಪುಟಗಳನ್ನು ಮರಳಿ ತೆರೆಯಲೇ?’ ಎಂದು ಟಿವಿ ಕೇಳುತ್ತದೆ. ಒಬ್ಬ ಹಿರಿಯರು ಅದಕ್ಕೆ ‘ತೆರೆಯಿರಿ’ ಎಂದು ಗಟ್ಟಿಯಾಗಿ ಉತ್ತರವನ್ನೂ ಕೊಟ್ಟರು.

ತೆರೆದ ಕೂಡಲೇ ಪೂರ್ಣಪರದೆಯಾಗಲಿ ಎಂದು ಪುಟದ ಜಾವಾಸ್ಕ್ರಿಪ್ಟ್‌ನಲ್ಲೇ ಬರೆದಿದ್ದೇನೆ, ಬ್ರೌಸರ್ ಕಿವಿಗೊಡುತ್ತಿಲ್ಲ. ಕೀಬೋರ್ಡ್ ಚುಚ್ಚಿ ಎಫ್11 ಒತ್ತಿದರೆ ಆಗುತ್ತದೆ. ಆದರೆ ದಿನವೂ ಏಣಿ ಹತ್ತುವವರು ಯಾರು? ನಾನು ಪ್ರೋಗ್ರಾಮರ್ ಅಲ್ಲ, ಆದರೆ ಹೇಳಿಕೊಟ್ಟ ಆದೇಶವನ್ನು ಟರ್ಮಿನಲ್‌ನಲ್ಲಿ ತಪ್ಪಿಲ್ಲದೆ ಬೆರಳಚ್ಚಿಸಬಲ್ಲೆ. ಇಂಥ ಪರದೆಗಳನ್ನು ನಡೆಸಿಕೊಡುವ, ತಿಂಗಳ ಬಾಡಿಗೆಯ ಸೈನೇಜ್ ಸೇವೆ ಕೊಳ್ಳದೆ ಇದನ್ನು ಸರಿಪಡಿಸಬಹುದೇ?

ತಂತಿಜಾಲ:

ಪುಸ್ತಕಪಾಲಕಿಯವರೇ, ಇಂಥ ಪರದೆಗಳನ್ನು ನಿಲ್ಲಿಸುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಉತ್ತರ ಉದ್ದವಾಗುತ್ತದೆ, ಅಲ್ಲಲ್ಲಿ ಒರಟೂ ಆಗಬಹುದು.

ಪರದೆ ತುಂಬ ಪುಟ ತೋರಿಸುವುದು ಐದು ನಿಮಿಷದ ಕೆಲಸ. ಉಳಿದದ್ದೆಲ್ಲ ಹತ್ತಿರ ಯಾರೂ ಇಲ್ಲದ ಹೊತ್ತಿಗಾಗಿ ಮಾಡುವ ಕೆಲಸ. ಕರೆಂಟ್ ಹೋಗುತ್ತದೆ, ನೆಟ್ ಕಡಿಯುತ್ತದೆ, ಬ್ರೌಸರ್ ಕುಸಿಯುತ್ತದೆ, ಟಿವಿ ತಾನೇ ಮಲಗಿಬಿಡುತ್ತದೆ. ಇವುಗಳಲ್ಲಿ ಯಾವುದಾದರೂ ಆದಾಗ ಒಳಗಿನ ಯಂತ್ರ ಓದುಗರ ಕಣ್ಣಿಗೆ ಇಣುಕಿದರೆ ಕೆಲಸ ಮುಗಿದಿಲ್ಲವೆಂದೇ ಲೆಕ್ಕ. ನಾನು ಬಿಲ್ ಬರೆಯುವ ಮುನ್ನ ಮಾಲೀಕರ ಎದುರೇ ಪ್ಲಗ್ ಕಿತ್ತು, ಮತ್ತೆ ಚುಚ್ಚಿ, ಕೈಕಟ್ಟಿ ನಿಲ್ಲುತ್ತೇನೆ. ಏನನ್ನೂ ಮುಟ್ಟದೆ ಪುಟ ಮರಳಿದರೆ ಮಾತ್ರ ಬಿಲ್.

ನಿಮ್ಮ ಜಾವಾಸ್ಕ್ರಿಪ್ಟ್ ಸಾಲಿನಲ್ಲಿ ದೋಷವಿಲ್ಲ. ಯಾರಾದರೂ ಕ್ಲಿಕ್ ಮಾಡದೆ, ಕೀಲಿ ಒತ್ತದೆ ಯಾವ ಪುಟವೂ ಪೂರ್ಣಪರದೆಗೆ ಹೋಗದಂತೆ ಬ್ರೌಸರ್‌ಗಳು ಬೇಕೆಂದೇ ತಡೆಯುತ್ತವೆ. ತಡೆಯದಿದ್ದರೆ ಮೋಸದ ಪುಟವೊಂದು ಇಡೀ ಪರದೆ ಆವರಿಸಿ, ನಕಲಿ ಲಾಗಿನ್ ಕಿಟಕಿ ತೋರಿಸಿ ಪಾಸ್‌ವರ್ಡ್ ಕಿತ್ತುಕೊಳ್ಳಬಹುದು. ಆದ್ದರಿಂದ ಆಜ್ಞೆ ಪುಟದ ಹೊರಗಿನಿಂದ ಬರಬೇಕು. ಪೈಯಲ್ಲಿರುವ ಬ್ರೌಸರ್ ಕ್ರೋಮಿಯಂ ಅನ್ನು ಶುರುಮಾಡುವ ಆದೇಶದಲ್ಲೇ ಎರಡು ಅಡ್ಡಗೆರೆ ಹಾಕಿ ‘ಕಿಯಾಸ್ಕ್’ ಎಂಬ ಆಯ್ಕೆ ಸೇರಿಸಿ. ವಿಳಾಸಪಟ್ಟಿ, ಟ್ಯಾಬ್, ಅಂಚು ಎಲ್ಲವೂ ಮಾಯವಾಗುತ್ತವೆ.

ಪುಟಗಳನ್ನು ಮರಳಿ ತೆರೆಯಲೇ ಎಂಬ ಪ್ರಶ್ನೆ ಏಳುವುದಕ್ಕೆ ಬೇರೆ ಕಾರಣವಿದೆ. ಕ್ರೋಮಿಯಂ ತಾನು ಸರಿಯಾಗಿ ಮುಚ್ಚಿಕೊಂಡೆನೋ ಇಲ್ಲವೋ ಎಂದು ತನ್ನ ಪ್ರೊಫೈಲಿನ ‘ಪ್ರಿಫರೆನ್ಸಸ್’ ಕಡತದಲ್ಲಿ ಬರೆದಿಡುತ್ತದೆ. ಕರೆಂಟ್ ಹೋದಾಗ ಅಲ್ಲಿ ‘ಕ್ರ್ಯಾಶ್ಡ್’ ಎಂಬುದು ಉಳಿಯುತ್ತದೆ. ಶುರುಮಾಡುವ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಅದನ್ನು ‘ನಾರ್ಮಲ್’ ಎಂದು ತಿದ್ದುವವರಿದ್ದಾರೆ. ‘ಇನ್‌ಕಾಗ್ನಿಟೊ’ ಆಯ್ಕೆ ಅದಕ್ಕಿಂತ ಸಲೀಸು, ಹಿಂದಿನದನ್ನು ನೆನಪಿಡದವನು ಹಿಂದಿನದರ ಬಗ್ಗೆ ಕೇಳುವುದೂ ಇಲ್ಲ. ಆದರೆ ಪುಟವು ಬ್ರೌಸರಿನೊಳಗೆ ಉಳಿಸಿದ್ದೆಲ್ಲವೂ ಮರುಚಾಲನೆಯಲ್ಲಿ ಅಳಿಸಿಹೋಗುತ್ತದೆ, ಗಮನವಿರಲಿ.

ಕತ್ತರಿಸಿದ ಅಂಚಿಗೆ ಕಾರಣ ಟಿವಿ, ಪೈ ಅಲ್ಲ. ಹಳೆಯ ಗಾಜಿನ ಕೊಳವೆಯ ಟಿವಿಗಳಲ್ಲಿ ಚಿತ್ರದ ಅಂಚು ನೆಟ್ಟಗಿರುತ್ತಿರಲಿಲ್ಲ. ಅದನ್ನು ಮರೆಮಾಡಲು ಚಿತ್ರವನ್ನು ಕೊಂಚ ಹಿಗ್ಗಿಸಿ ಚೌಕಟ್ಟಿನಾಚೆ ತಳ್ಳುತ್ತಿದ್ದರು. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಕೊಳವೆ ಹೋದರೂ ಆ ಅಭ್ಯಾಸ ಹೋಗಿಲ್ಲ. ರಿಮೋಟ್ ಹಿಡಿದು ಚಿತ್ರದ ಅಳತೆಯ ಮೆನುವಿಗೆ ಹೋಗಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’ ಅಥವಾ ‘1:1’ ಹುಡುಕಿ. ಆ ಇನ್‌ಪುಟ್‌ನ ಹೆಸರನ್ನು ‘ಪಿಸಿ’ ಎಂದು ಬದಲಿಸಲು ಬಂದರೆ ಅದನ್ನೂ ಮಾಡಿ, ಅನೇಕ ಟಿವಿಗಳಲ್ಲಿ ಅಕ್ಷರಗಳ ಅಂಚು ಒಮ್ಮೆಲೇ ಚುರುಕಾಗುತ್ತದೆ. ದಯವಿಟ್ಟು ಪುಟದ ಸುತ್ತ ಖಾಲಿ ಜಾಗ ಬಿಟ್ಟು ಹೊಂದಿಸಬೇಡಿ. ಟಿವಿ ಬದಲಾದ ದಿನ ಆ ಖಾಲಿ ಜಾಗ ಎದ್ದು ಕಾಣುತ್ತದೆ.

ಬಾಣವನ್ನು ಮರೆಮಾಡಲು ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಕರ್ಸರ್ ‘ನನ್’ ಎಂದು ಬರೆದರೆ ಸಾಕು. ಹಳೆಯ ಸಲಹೆಗಳಲ್ಲಿ ‘ಅನ್‌ಕ್ಲಟರ್’ ಎಂಬ ಬಾಣ ಮರೆಮಾಡುವ ತಂತ್ರಾಂಶದ ಹೆಸರು ಕಾಣುತ್ತದೆ. ಅದು ಪರದೆಯನ್ನು ನಡೆಸುವ ಹಳೆಯ ವ್ಯವಸ್ಥೆ ಎಕ್ಸ್11ರ ಕಾಲದ್ದು. ಪೈಯ ಕಾರ್ಯವ್ಯವಸ್ಥೆಯ 2023ರ ಬುಕ್‌ವರ್ಮ್ ಆವೃತ್ತಿಯಿಂದ ಪೈ 4 ಮತ್ತು 5ರ ಡೆಸ್ಕ್‌ಟಾಪ್ ಹೊಸ ವ್ಯವಸ್ಥೆ ವೇಲ್ಯಾಂಡ್‌ಗೆ ಹೋಗಿದೆ, ಅಲ್ಲಿ ಅದರ ಆಟ ನಡೆಯುವುದಿಲ್ಲ. ಕಪ್ಪಾಗುವ ಪರದೆಗೆ ಪೈಯ ಹೊಂದಿಕೆಗಳ ಮೆನುವಾದ ‘ರಾಸ್ಪಿ-ಕಾನ್ಫಿಗ್’ನ ಡಿಸ್ಪ್ಲೇ ಆಯ್ಕೆಗಳಲ್ಲಿ ‘ಸ್ಕ್ರೀನ್ ಬ್ಲ್ಯಾಂಕಿಂಗ್’ ಇದೆ, ಅದನ್ನು ನಿಲ್ಲಿಸಿ. ಹಲವು ಟಿವಿಗಳು ನಾಲ್ಕು ಗಂಟೆ ರಿಮೋಟ್ ಮುಟ್ಟದಿದ್ದರೆ ತಾವೇ ಆರಿಹೋಗುತ್ತವೆ. ಆ ಲೆಕ್ಕ ಟಿವಿಯ ಮೆನುವಿನಲ್ಲಿ ವಿದ್ಯುತ್ ಉಳಿತಾಯದ ಕೆಳಗೆ ಅಡಗಿರುತ್ತದೆ.

ವಿಡಿಯೊದ ವಿಷಯ ಚಿಕ್ಕದು. 2018ರ ಕ್ರೋಮ್ 66ರಿಂದ ಶಬ್ದವಿರುವ ವಿಡಿಯೊ ತಾನಾಗಿ ಆಡುವುದಿಲ್ಲ. ವಿಡಿಯೊ ಟ್ಯಾಗ್‌ನಲ್ಲಿ ‘ಮ್ಯೂಟೆಡ್’ ಎಂದು ಸೇರಿಸಿ. ಗ್ರಂಥಾಲಯದಲ್ಲಿ ಶಬ್ದ ಯಾರಿಗೆ ಬೇಕು?

ಇನ್ನು ಆ ಉಳಿಸಿದ ಸಾಕೆಟ್. ಅದನ್ನು ವಾಪಸ್ಸು ಕೊಡಿ. ಪೈ 4 ಕೇಳುವುದು 5 ವೋಲ್ಟ್, 3 ಆಂಪಿಯರ್. ಸಾಧಾರಣ ಯುಎಸ್‌ಬಿ 2 ಕಿಂಡಿಯ ಲೆಕ್ಕ ಅರ್ಧ ಆಂಪಿಯರ್, ಯುಎಸ್‌ಬಿ 3ರದ್ದು 0.9. ಮೇಲ್ಮೂಲೆಯಲ್ಲಿ ಆಗಾಗ ಹಳದಿ ಮಿಂಚಿನ ಗುರುತು ಕಂಡರೆ ಅದು ಹಸಿವಿನ ಕೂಗು. ಇದಕ್ಕಿಂತ ಕೆಟ್ಟದ್ದೆಂದರೆ, ರಾತ್ರಿ ಟಿವಿ ಆರಿಸಿದಾಗಲೆಲ್ಲ ಪೈಗೆ ಹೇಳದೆ ಕೇಳದೆ ಕರೆಂಟ್ ಕಡಿಯುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಎಸ್‌ಡಿ ಕಾರ್ಡ್ ಒಂದಲ್ಲ ಒಂದು ದಿನ ಕೆಡುತ್ತದೆ.

ಕೊನೆಗೆ, ಬ್ರೌಸರ್ ಅನ್ನು ಡೆಸ್ಕ್‌ಟಾಪಿನ ಆಟೊಸ್ಟಾರ್ಟ್ ಕಡತದಿಂದ ಒಮ್ಮೆ ಎಬ್ಬಿಸಿ ಬಿಡಬೇಡಿ. ಹಿನ್ನೆಲೆಯ ಕೆಲಸಗಳನ್ನು ನಡೆಸುವ ಸಿಸ್ಟಂಡಿಯ ಸೇವೆಯಾಗಿ ಬರೆದು ‘ರೀಸ್ಟಾರ್ಟ್’ ಸಾಲಿಗೆ ‘ಆಲ್ವೇಸ್’ ಕೊಡಿ. ಕುಸಿದರೆ ಸಿಸ್ಟಂಡಿ ಎತ್ತಿ ನಿಲ್ಲಿಸುತ್ತದೆ. ನಾನಾದರೆ ಡೆಸ್ಕ್‌ಟಾಪನ್ನೇ ಕೈಬಿಟ್ಟು, ಲೈಟ್ ಆವೃತ್ತಿಯ ಮೇಲೆ ‘ಕೇಜ್’ ಎಂಬ ಪುಟ್ಟ ವೇಲ್ಯಾಂಡ್ ತಂತ್ರಾಂಶ ಹಾಕುತ್ತೇನೆ. ಅದಕ್ಕೆ ಒಂದೇ ಒಂದು ಅಪ್ಲಿಕೇಶನ್ ಅನ್ನು ಪರದೆ ತುಂಬ ತೋರಿಸುವುದು ಬಿಟ್ಟು ಬೇರೇನೂ ಬರುವುದಿಲ್ಲ. ವಾಲ್‌ಪೇಪರ್, ಮೆನು ಪಟ್ಟಿ, ಅಪ್‌ಡೇಟ್ ಸೂಚನೆ ಯಾವುದೂ ಇಲ್ಲದಿದ್ದಾಗ ಇಣುಕುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗೆ ಮಾಡಿದರೆ ನೋಟೊ ಸ್ಯಾನ್ಸ್ ಕನ್ನಡ ಅಥವಾ ನಿಮಗಿಷ್ಟವಾದ ಕನ್ನಡ ಫಾಂಟ್ ಒಂದನ್ನು ಮರೆಯದೆ ಹಾಕಿ, ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಸಾಲುಗಟ್ಟುತ್ತವೆ.

ನಿಧಾನವೇಗ:

ತಂತಿಜಾಲ ಅವರ ಮಾತಿಗೆ ಎದುರಾಡುತ್ತಿಲ್ಲ, ಆದರೆ ಬ್ರೌಸರ್ ಬೇಕೇ ಬೇಕೆ ಎಂದು ಯಾರೂ ಕೇಳಲಿಲ್ಲ. ವಾರಕ್ಕೊಮ್ಮೆ ಬದಲಾಗುವ ಮಾಹಿತಿಗೆ ಒಂದಷ್ಟು ಚಿತ್ರಗಳು ಸಾಕು. ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಸ್ಲೈಡ್ ಮಾಡಿ, ಚಿತ್ರಗಳಾಗಿ ಉಳಿಸಿ, ವಿಎಲ್‌ಸಿಗೆ ಪೂರ್ಣಪರದೆ ಮತ್ತು ಲೂಪ್ ಎರಡೂ ಆಯ್ಕೆ ಕೊಟ್ಟು ಓಡಿಸಿದರೆ ಆಯಿತು. ಕಡತದ ಹೆಸರು ಪರದೆಯ ಮೇಲೆ ಮೂಡದಂತೆ ಮಾಡುವ ಆಯ್ಕೆಯೂ ಅದರಲ್ಲಿದೆ, ಹಾಕಿಕೊಳ್ಳಿ. ನೆಟ್ ಬೇಕಿಲ್ಲ, ಕೋಡ್ ಬೇಕಿಲ್ಲ. ಗಡಿಯಾರಕ್ಕೆ ಗೋಡೆಯಲ್ಲಿ ಒಂದು ಗಡಿಯಾರ ತೂಗುಹಾಕಿ.

ಬಾಡಿಗೆ ಸೇವೆಯ ಬಗ್ಗೆ ಕೇಳಿದ್ದೀರಿ. ಒಂದೇ ಪರದೆಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಪರದೆಗಳು ಹೆಚ್ಚಿ, ಬೇರೆ ಬೇರೆ ಕಟ್ಟಡಗಳಿಗೆ ಹಂಚಿಹೋದರೆ ಮಾತು ಬೇರೆ. ಆಗಲೂ ಮೊದಲು ಮುಕ್ತ ತಂತ್ರಾಂಶ ನೋಡಿ. ಪೈಗೆ ಆಂಥಿಯಾಸ್ ಇದೆ, ಮೊದಲು ಅದನ್ನು ಸ್ಕ್ರೀನ್ಲಿ ಓಎಸ್‌ಇ ಎನ್ನುತ್ತಿದ್ದರು. ವೇಳಾಪಟ್ಟಿ, ಗುಂಪು, ಬಳಕೆದಾರರ ಅನುಮತಿ ಎಲ್ಲ ಬೇಕೆಂದರೆ ಝೈಬೊ ಇದೆ, ಅದರ ಸರ್ವರನ್ನು ನೀವೇ ನಡೆಸಬಹುದು.

ಪುಸ್ತಕಪಾಲಕಿ:

ಇಬ್ಬರಿಗೂ ವಂದನೆಗಳು. ಅಂಚುಗಳು ಮರಳಿವೆ! ಆ ಮೆನು ‘ಚಿತ್ರ’ದ ಕೆಳಗಿರಲಿಲ್ಲ, ‘ಸಾಮಾನ್ಯ’ ಎಂಬುದರ ಕೆಳಗೆ, ಅದರೊಳಗೆ ‘ಇತರೆ’ಯ ಕೆಳಗೆ ಇತ್ತು. ಪೈಗೆ ಪ್ರತ್ಯೇಕ ಅಡಾಪ್ಟರ್ ಹಾಕಿದೆವು. ಕಿಯಾಸ್ಕ್ ಮತ್ತು ಸಿಸ್ಟಂಡಿ ಕೆಲಸ ಮಾಡುತ್ತಿವೆ.

ನಿಧಾನವೇಗ ಅವರೇ, ಚಿತ್ರಗಳ ದಾರಿ ಸರಳವಾಗಿದೆ, ಒಪ್ಪಿದೆ. ಆದರೆ ಕಾರ್ಯಕ್ರಮಗಳ ಪಟ್ಟಿಯನ್ನು ನಾಲ್ವರು ತಂತಮ್ಮ ಮೇಜಿನಿಂದ ತಿದ್ದುತ್ತಾರೆ. ಎಲ್ಲರಿಗೂ ಸ್ಲೈಡ್ ಮಾಡಲು ಕಲಿಸುವುದಕ್ಕಿಂತ ಪುಟವನ್ನು ಉಳಿಸಿಕೊಳ್ಳುವುದೇ ನನಗೆ ಹಗುರ.

ಈಗಿನ ತೊಂದರೆ ಎರಡು. ಮುಂಜಾನೆ ಕರೆಂಟ್ ಬಂದಾಗ ಪೈ ಬೇಗ ಏಳುತ್ತದೆ, ರೂಟರ್ ನಿಧಾನವಾಗಿ ಏಳುತ್ತದೆ. ನಡುವೆ ಬ್ರೌಸರ್ ಪುಟ ಸಿಗದೆ ಆ ಪುಟಾಣಿ ಡೈನೊಸಾರ್ ತೋರಿಸಿಕೊಂಡು ನಿಲ್ಲುತ್ತದೆ. ಮಕ್ಕಳಿಗೆ ಖುಷಿ, ನಮ್ಮ ಮುಖ್ಯಸ್ಥರಿಗೆ ಅಲ್ಲ. ಎರಡನೆಯದು, ನೆಟ್ ಇಲ್ಲದ ಹೊತ್ತಿನಲ್ಲಿ ಗಡಿಯಾರ ತಪ್ಪು ಸಮಯ ತೋರಿಸುತ್ತದೆ. ಸರ್ವಿಸ್ ವರ್ಕರ್ ಎಂಬುದನ್ನು ಬಳಸಿದರೆ ನೆಟ್ ಇಲ್ಲದೆಯೂ ಪುಟ ಕಾಣುತ್ತದೆ ಎಂದು ಓದಿದೆ. ಅದು ಸರಿಯೇ?

ತಂತಿಜಾಲ:

ಸರ್ವಿಸ್ ವರ್ಕರ್ ಒಳ್ಳೆಯದೇ, ಆದರೆ ಇನ್‌ಕಾಗ್ನಿಟೊದಲ್ಲಿ ಅದರ ಸಂಗ್ರಹ ಮರುಚಾಲನೆಗೆ ಅಳಿಸಿಹೋಗುತ್ತದೆ. ನಿಮಗೆ ಅದು ಬೇಕಿರುವುದೇ ಮರುಚಾಲನೆಯ ಹೊತ್ತಿನಲ್ಲಿ. ಹಾಗಾಗಿ ಬೇರೆ ದಾರಿ ಹಿಡಿಯೋಣ.

ಪುಟವನ್ನೇ ಪೈ ಒಳಗೆ ಇಟ್ಟುಬಿಡಿ. ಎಚ್‌ಟಿಎಂಎಲ್, ಸಿಎಸ್‌ಎಸ್, ಫಾಂಟ್, ವಿಡಿಯೊ ಎಲ್ಲವೂ ಕಾರ್ಡಿನಲ್ಲಿರಲಿ. ಬದಲಾಗುವ ಪಟ್ಟಿ ಮಾತ್ರ ಜೇಸನ್ ಎಂಬ ಸರಳ ಮಾಹಿತಿ ಕಡತವಾಗಿ ನಿಮ್ಮ ಸರ್ವರಿನಲ್ಲಿರಲಿ. ಪುಟವನ್ನು ನೇರವಾಗಿ ಕಡತವಾಗಿ ತೆರೆದರೆ ಪಕ್ಕದ ಜೇಸನ್ ಓದಲು ಬ್ರೌಸರ್ ಬಿಡುವುದಿಲ್ಲ. ಪೈಥಾನ್ ಜೊತೆಗೇ ಬರುವ ಪುಟ್ಟ ಎಚ್‌ಟಿಟಿಪಿ ಸರ್ವರನ್ನು ಪೈ ಮೇಲೆ ಓಡಿಸಿ, ಬ್ರೌಸರಿಗೆ ಲೋಕಲ್‌ಹೋಸ್ಟ್ ಎಂಬ ಪೈಯದೇ ವಿಳಾಸ ಕೊಡಿ. ಆಗ ರೂಟರ್ ಮಧ್ಯಾಹ್ನ ಎದ್ದರೂ ಡೈನೊಸಾರ್ ಬರುವುದಿಲ್ಲ.

ಸರ್ವರಿನಿಂದ ಪಟ್ಟಿ ತರುವ ಕೆಲಸವನ್ನು ಪುಟಕ್ಕೆ ವಹಿಸದೆ ಹಿನ್ನೆಲೆಯ ಸ್ಕ್ರಿಪ್ಟ್‌ಗೆ ವಹಿಸಿ. ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್ ಐದೈದು ನಿಮಿಷಕ್ಕೆ ಅದನ್ನು ಓಡಿಸಲಿ. ತಂದದ್ದನ್ನು ಮೊದಲು ಬೇರೆ ಹೆಸರಿನಲ್ಲಿ ಇಳಿಸಿ, ಅದು ಅರ್ಧಕ್ಕೆ ತುಂಡಾಗಿಲ್ಲ, ಸರಿಯಾದ ಜೇಸನ್ ಹೌದು ಎಂದು ಪರೀಕ್ಷಿಸಿ, ಆಮೇಲೆ ಹಳೆಯದರ ಹೆಸರಿಗೆ ಬದಲಿಸಬೇಕು. ಹೆಸರು ಬದಲಿಸುವುದು ಒಂದೇ ಏಟಿನ ಕೆಲಸ, ಪುಟ ಆ ಕ್ಷಣದಲ್ಲಿ ಓದಿದರೂ ಹಳೆಯದು ಪೂರ್ತಿ ಸಿಗುತ್ತದೆ ಅಥವಾ ಹೊಸದು ಪೂರ್ತಿ ಸಿಗುತ್ತದೆ. ನೆಟ್ ಇಲ್ಲವೆಂದರೆ ಸ್ಕ್ರಿಪ್ಟ್ ಸುಮ್ಮನೆ ಸೋಲುತ್ತದೆ, ಗೋಡೆಯ ಮೇಲೆ ಏನೂ ಕದಲುವುದಿಲ್ಲ.

ಇದರ ಬೆನ್ನಿಗೇ ಒಂದು ಎಚ್ಚರಿಕೆ. ಹೀಗೆ ಗಟ್ಟಿಯಾಗಿ ನಿಂತ ಪರದೆ ಹಳಸಿದ ಸುದ್ದಿಯನ್ನೂ ಅಷ್ಟೇ ಗಟ್ಟಿಯಾಗಿ ತೋರಿಸುತ್ತದೆ. ಮುಗಿದುಹೋದ ಕಾರ್ಯಕ್ರಮಕ್ಕೆ ಜನ ಬಂದು ನಿಂತರೆ ಡೈನೊಸಾರ್‌ಗಿಂತ ಹೆಚ್ಚು ಮುಜುಗರ. ಪ್ರತಿ ಕಾರ್ಯಕ್ರಮಕ್ಕೂ ಮುಗಿಯುವ ದಿನಾಂಕ ಬರೆಯಿರಿ, ಅದು ಕಳೆದ ಕೂಡಲೇ ಪುಟ ಅದನ್ನು ಕೈಬಿಡಲಿ. ಎಲ್ಲವೂ ಕಳೆದುಹೋದರೆ ಓದುವ ಕೋಣೆಯ ವೇಳೆಯನ್ನಷ್ಟೇ ತೋರಿಸಲಿ.

ದಿನಾಂಕ ನೋಡಿ ಕೈಬಿಡಬೇಕಾದರೆ ಗಡಿಯಾರ ಸರಿಯಿರಬೇಕು. ಇಲ್ಲಿಗೇ ನಿಮ್ಮ ಎರಡನೆಯ ತೊಂದರೆ ಬಂದು ಸೇರುತ್ತದೆ. ಪೈ 4ರಲ್ಲಿ ಕರೆಂಟ್ ಇಲ್ಲದಾಗಲೂ ನಡೆಯುವ ಗಡಿಯಾರವಿಲ್ಲ. ಕಡೆಯ ಬಾರಿ ನೋಡಿದ ಸಮಯವನ್ನು ಕಾರ್ಡಿನಲ್ಲಿ ಗುರುತುಹಾಕಿಕೊಂಡು, ಎದ್ದಾಗ ಅಲ್ಲಿಂದಲೇ ಎಣಿಸುತ್ತದೆ. ನೆಟ್ ಬಂದ ಮೇಲೆ ತಿದ್ದಿಕೊಳ್ಳುತ್ತದೆ. ಸಮಯ ಬಹಳ ಹಿಂದೆ ಬಿದ್ದಿದ್ದರೆ ಸುರಕ್ಷಿತ ವಿಳಾಸಗಳ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಕಂಡು ಜೇಸನ್ ಇಳಿಯುವುದೂ ನಿಲ್ಲುತ್ತದೆ. ಡಿಎಸ್3231 ಎಂಬ ಬೆರಳುಗುರಿನಷ್ಟು ಚಿಪ್ ಇರುವ ಗಡಿಯಾರದ ಬಿಲ್ಲೆ ಸಿಗುತ್ತದೆ. ಐ2ಸಿ ಪಿನ್ನುಗಳಿಗೆ ಚುಚ್ಚಿ, ಗುಂಡಿ ಸೆಲ್ ಹಾಕಿದರೆ ಕರೆಂಟ್ ಇಲ್ಲದಾಗಲೂ ಓಡುತ್ತದೆ. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು.

ಗಡಿಯಾರ ಹಾಕಿದ ಮೇಲೆ ಮಾಡಬೇಕಾದದ್ದು ಕಾರ್ಡ್ ಉಳಿಸುವ ಕೆಲಸ. ರಾಸ್ಪಿ-ಕಾನ್ಫಿಗ್‌ನಲ್ಲಿ ‘ಓವರ್‌ಲೇ’ ಕಡತವ್ಯವಸ್ಥೆ ಎಂಬುದಿದೆ. ಅದನ್ನು ಚಾಲೂ ಮಾಡಿದರೆ ಕಾರ್ಡಿಗೆ ಏನೂ ಬರೆಯುವುದಿಲ್ಲ, ಬರೆದದ್ದೆಲ್ಲ ಮೆಮೊರಿಯಲ್ಲೇ ಇದ್ದು ಮರುಚಾಲನೆಗೆ ಹೋಗಿಬಿಡುತ್ತದೆ. ಪ್ಲಗ್ ಎಷ್ಟು ಸಲ ಕಿತ್ತರೂ ಕಾರ್ಡ್ ನೆಮ್ಮದಿಯಾಗಿರುತ್ತದೆ. ಕ್ರಮ ಮುಖ್ಯ: ಬಿಲ್ಲೆ ಹಾಕದೆ ಓವರ್‌ಲೇ ಮಾಡಿದರೆ ಸಮಯದ ಗುರುತೂ ಕಾರ್ಡಿಗೆ ಇಳಿಯದೆ, ಪ್ರತಿ ಬಾರಿ ಎದ್ದಾಗ ಅದೇ ಹಳೆಯ ದಿನಕ್ಕೆ ಮರಳುತ್ತದೆ. ಮುಂದೆ ಏನಾದರೂ ತಿದ್ದಬೇಕಾದಾಗ ಓವರ್‌ಲೇ ತೆಗೆದು, ತಿದ್ದಿ, ಮತ್ತೆ ಹಾಕಬೇಕು. ಟಿವಿ ಹಿಂದೆ ಒಂದು ಚೀಟಿ ಅಂಟಿಸಿ ಇದನ್ನು ಬರೆದಿಡಿ, ನಿಮ್ಮ ನಂತರ ಬರುವವರು ‘ಉಳಿಸಿದ್ದು ಉಳಿಯುತ್ತಿಲ್ಲ’ ಎಂದು ತಲೆ ಚಚ್ಚಿಕೊಳ್ಳುವುದು ತಪ್ಪುತ್ತದೆ.

ರಾತ್ರಿ ಟಿವಿ ಆರಿಸಲು ಯಾರೂ ಬರಬೇಕಿಲ್ಲ. ಎಚ್‌ಡಿಎಂಐ ತಂತಿಯಲ್ಲೇ ಟಿವಿಯನ್ನು ಎಬ್ಬಿಸಿ ಮಲಗಿಸಬಲ್ಲ ಸಿಇಸಿ ಎಂಬ ಸಂಕೇತ ಹೋಗುತ್ತದೆ. ಟಿವಿ ತಯಾರಕರು ಒಬ್ಬೊಬ್ಬರು ಅದಕ್ಕೆ ಒಂದೊಂದು ಹೆಸರಿಟ್ಟಿದ್ದಾರೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರೇವಿಯಾ ಸಿಂಕ್. ಮೆನುವಿನಲ್ಲಿ ಅದನ್ನು ಚಾಲೂ ಮಾಡಿ, ಪೈಗೆ ‘ಸಿಇಸಿ-ಕ್ಲೈಂಟ್’ ಹಾಕಿ, ಕ್ರಾನ್‌ನಿಂದ ಬೆಳಿಗ್ಗೆ ಎಬ್ಬಿಸಿ ರಾತ್ರಿ ಮಲಗಿಸಿ. ಪೈ 4ರ ಎರಡು ಎಚ್‌ಡಿಎಂಐ ಕಿಂಡಿಗಳಲ್ಲಿ ವಿದ್ಯುತ್ ಕಿಂಡಿಗೆ ಹತ್ತಿರದ್ದನ್ನೇ ಬಳಸಿ. ಟಿವಿ ಆರಿರುವಾಗ ಪೈ ಎದ್ದರೆ ಪರದೆಯೇ ಇಲ್ಲವೆಂದುಕೊಂಡು ಸಿಗ್ನಲ್ ಕೊಡದೆ ಕೂರಬಹುದು. ಬೂಟ್ ವಿಭಾಗದ ‘ಸಿಎಂಡಿಲೈನ್’ ಕಡತದಲ್ಲಿ ವಿಡಿಯೊ ಅಳತೆಯನ್ನು 1920×1080 ಎಂದು ನಿಗದಿಮಾಡಿ ಕೊನೆಗೆ ‘ಡಿ’ ಅಕ್ಷರ ಸೇರಿಸಿದರೆ, ಟಿವಿ ಉತ್ತರಿಸಲಿ ಬಿಡಲಿ, ಸಿಗ್ನಲ್ ಹೊರಡುತ್ತದೆ.

ಅಕ್ಷರಪ್ರಿಯ:

ತಂತ್ರ ಎಲ್ಲ ಆಯಿತು, ಓದಲು ಬರುತ್ತದೆಯೇ ನೋಡಿ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬುದು ಫಲಕ ಬರೆಯುವವರ ಹಳೆಯ ಲೆಕ್ಕ. 43 ಇಂಚಿನ ಟಿವಿಯ ಪರದೆ ಸುಮಾರು 21 ಇಂಚು ಎತ್ತರ, ಅದರಲ್ಲಿ 1080 ಪಿಕ್ಸೆಲ್. ಅಂದರೆ ಇಂಚಿಗೆ 51. ಬಾಗಿಲಿನಿಂದ ಗೋಡೆಗೆ 20 ಅಡಿ ಇದ್ದರೆ ಅಕ್ಷರದ ಮೈ ನೂರು ಪಿಕ್ಸೆಲ್ ಇರಬೇಕು. ಲ್ಯಾಪ್‌ಟಾಪಿನಲ್ಲಿ ಅದು ರಾಕ್ಷಸಾಕಾರವಾಗಿ ಕಾಣುತ್ತದೆ, ಹೆದರಬೇಡಿ. ಆ ಲೆಕ್ಕದಲ್ಲಿ ಒಂದು ಪರದೆಗೆ ಐದಾರು ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಹಿಡಿಸಲು ಹೋಗಲೂಬಾರದು.

ಇಂಗ್ಲಿಷ್‌ಗೆ ಒಪ್ಪುವ ಸಾಲುಗಳ ನಡುವಿನ ಅಂತರ ಕನ್ನಡಕ್ಕೆ ಸಾಲದು. ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತದ ಗುಡಿಸು ಮೇಲೇರುತ್ತದೆ. ಅಂತರವನ್ನು 1.5ಕ್ಕೆ ಏರಿಸಿ. ಚೌಕಟ್ಟಿನಾಚೆ ಹೋದದ್ದನ್ನು ಕತ್ತರಿಸುವ ಸಿಎಸ್‌ಎಸ್ ಇದ್ದರೆ ಮೊದಲು ತುಂಡಾಗುವುದು ಒತ್ತಕ್ಷರವೇ. ‘ಸ್ತ್ರೀ’, ‘ರಾಷ್ಟ್ರೀಯ’ ಎಂಬ ಪದಗಳನ್ನು ಹಾಕಿ ಪರೀಕ್ಷಿಸಿ.

ಒಂದೇ ಜಾಗದಲ್ಲಿ ಬಿಳಿಯ ಲಾಂಛನವನ್ನು ತಿಂಗಳುಗಟ್ಟಲೆ ಇಡಬೇಡಿ. ಒಎಲ್‌ಇಡಿ ಟಿವಿಯಾದರೆ ಅಚ್ಚು ಉಳಿದೇಬಿಡುತ್ತದೆ. ಎಲ್‌ಸಿಡಿಯಲ್ಲೂ ನೆರಳು ಕಂಡದ್ದುಂಟು, ಆದರೆ ಅದು ಹೆಚ್ಚಾಗಿ ಕಳೆಯುತ್ತದೆ.

ಪುಸ್ತಕಪಾಲಕಿ:

ಬಾಗಿಲಿನಿಂದ ಗೋಡೆಗೆ 18 ಅಡಿ ಇದೆ, ಟೇಪು ಹಿಡಿದು ಅಳೆದೆ. ಪಟ್ಟಿಯನ್ನು ಒಂದು ಪರದೆಗೆ ಐದು ಸಾಲಿನಂತೆ ಮೂರು ಪರದೆಗಳಿಗೆ ಒಡೆದಿದ್ದೇನೆ. ‘ರಾಷ್ಟ್ರೀಯ’ದ ಒತ್ತು ನಿಜವಾಗಿಯೂ ತುಂಡಾಗಿತ್ತು, ಸರಿಪಡಿಸಿದೆ. ಲೋಕಲ್‌ಹೋಸ್ಟ್ ವ್ಯವಸ್ಥೆಯೂ ನಡೆಯುತ್ತಿದೆ, ಗಡಿಯಾರದ ಬಿಲ್ಲೆಗೆ ಕೇಳಿಕೆ ಹಾಕಿದ್ದೇವೆ. ಓವರ್‌ಲೇ ಅದು ಬಂದ ಮೇಲೆಯೇ.

ಒಂದು ಉಳಿದಿದೆ. ತಿದ್ದುಪಡಿಗೆ ಪ್ರತಿ ಸಲ ಏಣಿ ಹತ್ತಿ ಕೀಬೋರ್ಡ್ ಚುಚ್ಚಬೇಕೇ? ಅಲ್ಲಿಯೇ ವೈರ್‌ಲೆಸ್ ಕೀಬೋರ್ಡ್ ಒಂದನ್ನು ಬಿಟ್ಟರೆ ತಪ್ಪೇ?

ತಂತಿಜಾಲ:

ಬಿಡಬೇಡಿ. ಕಿಯಾಸ್ಕ್ ಆಗಿದ್ದರೂ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿದರೆ ಬ್ರೌಸರ್ ಮುಚ್ಚುತ್ತದೆ, ಮಕ್ಕಳಿಗೆ ಅದು ನಮಗಿಂತ ಬೇಗ ಗೊತ್ತಾಗುತ್ತದೆ. ರಾಸ್ಪಿ-ಕಾನ್ಫಿಗ್‌ನಲ್ಲಿ ದೂರದಿಂದಲೇ ಪೈ ಒಳಹೊಗುವ ದಾರಿಯಾದ ಎಸ್‌ಎಸ್‌ಎಚ್ ಚಾಲೂ ಮಾಡಿ, ಪಾಸ್‌ವರ್ಡ್ ಬದಲು ಕೀಲಿ ಕಡತದಿಂದ ಮಾತ್ರ ಪ್ರವೇಶ ಕೊಡಿ. ನಿಮ್ಮ ಮೇಜಿನಿಂದಲೇ ಎಲ್ಲ ತಿದ್ದಬಹುದು. ರೂಟರಿನಲ್ಲಿ ಪೈಗೆ ಒಂದೇ ಐಪಿ ವಿಳಾಸ ಕಾಯ್ದಿರಿಸಿ, ಇಲ್ಲದಿದ್ದರೆ ಹುಡುಕುವುದೇ ಕೆಲಸವಾಗುತ್ತದೆ. ಇದನ್ನೂ ಓವರ್‌ಲೇಗೆ ಮೊದಲೇ ಮುಗಿಸಿಕೊಳ್ಳಿ.